ಗೋರಟಾಕ್ಕೆ ಸಲ್ಲಬೇಕಾದ ಬಾಕಿ

ಗೋರಟಾವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ. ಬಸವಕಲ್ಯಾಣ ಸೀಮೆಯ ಆ ಹಳ್ಳಿಯಲ್ಲಿ 1948ರ ಮೇ 9ರಂದು ರಜಾಕಾರರು ನಡೆಸಿದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂಬುದು ಅಲ್ಲಿ ತಲೆಮಾರುಗಳಿಂದ ನಿಂತಿರುವ ಲೆಕ್ಕ. 2014ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕಕ್ಕೆ ಶಂಕುಸ್ಥಾಪನೆಯಾಯಿತು. 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಸ್ಮಾರಕವನ್ನೂ ಸರ್ದಾರ್ ಪಟೇಲರ ಪ್ರತಿಮೆಯನ್ನೂ ಉದ್ಘಾಟಿಸಿ, 103 ಅಡಿ ಎತ್ತರದ ರಾಷ್ಟ್ರಧ್ವಜ ಹಾರಿಸಿದರು. ಸತ್ತವರಿಗೆ ಗೌರವ ಸಂದಿತು, ಇನ್ನು ಗೋರಟಾದ ವಿಚಾರದಲ್ಲಿ ಮಾಡಬೇಕಾದ್ದು ಏನೂ ಉಳಿದಿಲ್ಲ ಎಂಬ ಭಾವನೆ ಈಗ ಬೇರೂರಿದೆ. ಆದರೆ ಜಲಿಯನ್‌ವಾಲಾ ಬಾಗಿನ ಹೆಸರು ಎತ್ತುವವರು ಅಮೃತಸರದಲ್ಲಿ ಆಮೇಲೆ ಏನೇನು ನಡೆಯಿತು ಎಂಬುದನ್ನೂ ನೆನೆಯಬೇಕು. ಅಲ್ಲಿನ ಸೇವಾ ಸಮಿತಿಯ ಕಾರ್ಯಕರ್ತರು ಮನೆಮನೆಗೆ ಹೋಗಿ ವಿಚಾರಿಸಿ ಸತ್ತವರ ಹೆಸರು ಬರೆದುಕೊಂಡರು. ಸರ್ಕಾರ ನೇಮಿಸಿದ ಹಂಟರ್ ತನಿಖಾ ಸಮಿತಿ ಎತ್ತಿಕೊಂಡ 379 ಎಂಬ ಸಂಖ್ಯೆ ಬಂದದ್ದು ಆ ಪಟ್ಟಿಯಿಂದಲೇ. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದೆಂದು ಕಾಂಗ್ರೆಸ್ ವಾದಿಸಿತು. ಆ ವಾದ ನಡೆಯುವುದಕ್ಕೂ ಒಂದು ಪಟ್ಟಿ ಎದುರಿಗಿರಬೇಕಿತ್ತು, ಇತ್ತು. ಕೊನೆಗೆ ಗುಂಡು ಹಾರಿಸಿದ ಆ ಪರಕೀಯ ಸರ್ಕಾರವೇ ಒತ್ತಡಕ್ಕೆ ಮಣಿದು ಸತ್ತವರ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. ಗಲಭೆಯಲ್ಲಿ ಸತ್ತ ಯುರೋಪಿಯನ್ನರಿಗೆ ಕೊಟ್ಟದ್ದಕ್ಕೆ ಹೋಲಿಸಿದರೆ ಅದು ಅವಮಾನಕರವಾಗಿ ಕಡಿಮೆ ಇತ್ತು, ಆ ತಾರತಮ್ಯದ ವಿರುದ್ಧ ಭಾರತೀಯರು ದನಿಯೆತ್ತಿದರು. ಹೋಲಿಕೆಯನ್ನು ಅಲ್ಲಿಂದ ತಂದಿದ್ದೇವಾದರೆ ಆ ಪಟ್ಟಿಯನ್ನೂ ಆ ಪರಿಹಾರವನ್ನೂ ತರದೆ ಬಿಟ್ಟದ್ದೇಕೆ?

ನಾನು ವಿರೋಧಿಸುತ್ತಿರುವುದು ಸ್ಮಾರಕವನ್ನಲ್ಲ. ಸ್ಮಾರಕ ಬೇಕು, ಅದು ಇನ್ನೂ ಮೊದಲೇ ಆಗಬೇಕಿತ್ತು. ನನ್ನ ತಕರಾರಿರುವುದು ಭಯೋತ್ಪಾದಕರ ಕೈಯಲ್ಲಿ ಸತ್ತವರ ಮನೆಯವರಿಗೆ ಸರ್ಕಾರ ಕೊಡುವುದೆಲ್ಲ ಅದರ ಔದಾರ್ಯ, ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳುವಂತಿಲ್ಲ ಎಂಬ ಅಭಿಪ್ರಾಯದೊಂದಿಗೆ. ಈ ಅಭಿಪ್ರಾಯ ಹಳೆಯ ಸಾವುಗಳ ಎದುರು ಕಲ್ಲಿನ ಸ್ಮಾರಕವಾಗುತ್ತದೆ, ಹೊಸ ಸಾವುಗಳ ಎದುರು ಮುಖ್ಯಮಂತ್ರಿಯ ಕೈಯಿಂದ ದಾಟುವ ಚೆಕ್ ಆಗುತ್ತದೆ. ಎರಡರಲ್ಲೂ ಕೊಡುವವನು ದೊಡ್ಡವನಾಗಿ, ಪಡೆಯುವವರು ಕೈಮುಗಿದು ನಿಲ್ಲುತ್ತಾರೆ. ಪ್ರಜೆಯ ಜೀವ ಕಾಯುವ ಹೊಣೆ ಹೊತ್ತ ಪ್ರಭುತ್ವ ಆ ಹೊಣೆಯಲ್ಲಿ ಸೋತಾಗ ಅದು ಆ ಮನೆಗೆ ಸಾಲಗಾರನಾಗುತ್ತದೆ ಎಂಬುದು ನನ್ನ ವಾದ. ಸಾಲವೆಂದ ಮೇಲೆ ಅದಕ್ಕೆ ಹೆಸರು ಬೇಕು, ದರ ಬೇಕು, ಗಡುವು ಬೇಕು. ಸಾಲಗಾರ ತನ್ನ ಮನಸ್ಸು ಬಂದಾಗ, ಮನಸ್ಸು ಬಂದಷ್ಟು, ಮನಸ್ಸಿಗೆ ಬಂದವರಿಗೆ ಕೊಡುವಂತಿಲ್ಲ.

ಗೋರಟಾ ಈ ವಾದಕ್ಕೆ ತೀರಾ ಸೂಕ್ತವಾದ ನೆಲ. ಏಕೆಂದರೆ ಅಲ್ಲಿ ಪ್ರಭುತ್ವ ಸೋತದ್ದಷ್ಟೇ ಅಲ್ಲ, ಕೊಲೆಗಾರರ ಬೆನ್ನಿಗೂ ನಿಂತಿತ್ತು. ಬೀದರ ಜಿಲ್ಲೆ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಭಾರತದೊಂದಿಗೆ 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಲಾಯಕ್ ಅಲಿಯ ಮಂತ್ರಿಮಂಡಲ ಅಧಿಕಾರಕ್ಕೆ ಬಂತು, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರ್ ದಂಡು ಆ ಮಂತ್ರಿಮಂಡಲಕ್ಕಿಂತ ಬಲಶಾಲಿಯಾಗಿ ಬೆಳೆಯಿತು. ಹಳ್ಳಿಗಳ ಮೇಲೆ ಬಿದ್ದು ಕೊಂದು, ಸುಲಿದು, ಮನೆ ಸುಟ್ಟು ಹೋದವರನ್ನು ಹಿಡಿಯುವ ಕೆಲಸವನ್ನು ನಿಜಾಮನ ಪೊಲೀಸರು ಮಾಡಲಿಲ್ಲ. ಈ ಸೀಮೆಗೆ ಅಂಥ ಹಿಂಸೆ ಹೊಸದೂ ಆಗಿರಲಿಲ್ಲ. 1938ರಲ್ಲಿ ಕಲ್ಯಾಣಿಯಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರ್ಯಸಮಾಜದ ಧರ್ಮಪ್ರಕಾಶರ ಕೊಲೆಯಾಗಿತ್ತು. 1942ರಲ್ಲಿ ಹುಮನಾಬಾದಿನಲ್ಲಿ ಶಿವಚಂದ್ರರ ಕೊಲೆಯಾಗಿತ್ತು. ಹತ್ತು ವರ್ಷಗಳ ಆ ನಿರ್ಲಕ್ಷ್ಯ ಬೆಳೆದು ಗೋರಟಾದಲ್ಲಿ ಒಂದೇ ದಿನಕ್ಕೆ ಒಂದು ಊರನ್ನು ನುಂಗಿತು. ಕೊಲೆಗಳ ಹಿಂದಿದ್ದ ದಂಡಿನ ನಾಯಕ ರಜ್ವಿ ಸೆರೆಯಾದ, ಬೇರೊಂದು ಮೊಕದ್ದಮೆಯಲ್ಲಿ ಶಿಕ್ಷೆ ಅನುಭವಿಸಿದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಗೋರಟಾದ ಮನೆಗಳಿಗೆ ಅದರಿಂದ ಏನೂ ದಕ್ಕಲಿಲ್ಲ.

ಇನ್ನೊಂದು ಸಾಲು ಸಾವುಗಳನ್ನು ಹೇಳದೆ ಬೀದರ ಜಿಲ್ಲೆಯ ಲೆಕ್ಕ ಪೂರ್ತಿಯಾಗದು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದು ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆ ಮುಗಿದ ಬೆನ್ನಿಗೇ ಈ ಜಿಲ್ಲೆಯಲ್ಲಿ ಮುಸ್ಲಿಮರ ಮೇಲೆ ಸೇಡಿನ ಹತ್ಯೆಗಳು ನಡೆದವು. ಸತ್ತವರಲ್ಲಿ ರಜಾಕಾರರ ನೆರಳನ್ನೂ ಸೋಕದವರು ಬಹಳ ಮಂದಿ. ಪಂಡಿತ್ ಸುಂದರಲಾಲ್ ಅವರ ನೇತೃತ್ವದ ತಂಡವೊಂದು ಸರ್ಕಾರದ ಕೋರಿಕೆಯ ಮೇರೆಗೆ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದ ಜಿಲ್ಲೆಗಳಲ್ಲಿ ಸುತ್ತಾಡಿ, ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳು ಅತಿ ಹೆಚ್ಚು ನಲುಗಿದವೆಂದು ಹೇಳಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಗೋರಟಾದ ಸಾವುಗಳನ್ನು ಎತ್ತುವವರು ಈ ಸಾವುಗಳ ಬಗ್ಗೆ ಸುಮ್ಮನಿರುವುದು, ಈ ಸಾವುಗಳನ್ನು ಎತ್ತುವವರು ಗೋರಟಾದ ಬಗ್ಗೆ ಸುಮ್ಮನಿರುವುದು ನಮ್ಮಲ್ಲಿ ನಡೆದುಬಂದಿರುವ ಪದ್ಧತಿ. ಗಂಡನನ್ನು, ಅಪ್ಪನನ್ನು ಕಳೆದುಕೊಂಡ ಮನೆಗೆ ಈ ಪದ್ಧತಿಯಿಂದ ಒಂದು ಬಿಡಿಗಾಸಿನ ಉಪಕಾರವೂ ಆಗಿಲ್ಲ.

ಆಗ ತಾನೇ ಹುಟ್ಟಿದ ದೇಶ, ಖಜಾನೆ ಬರಿದಾಗಿತ್ತು, ಪರಿಹಾರ ಎಂಬ ಕಲ್ಪನೆಯೇ ಇರಲಿಲ್ಲ ಎಂದು ಕೆಲವರು ಹೇಳುತ್ತಾರೆ. ದಾಖಲೆ ಬೇರೆಯದನ್ನೇ ಹೇಳುತ್ತದೆ. ಹೈದರಾಬಾದ್ ಭಾರತದಲ್ಲಿ ಸೇರಿದ ಮರುವರ್ಷದಿಂದಲೇ ಅಲ್ಲಿ ಪರಿಹಾರದ ಲೆಕ್ಕಗಳು ಅತ್ಯಂತ ಶಿಸ್ತಿನಿಂದ ನಡೆದವು. ನಿಜಾಮನಿಗೆ ವರ್ಷಕ್ಕೆ 50 ಲಕ್ಷ ರೂಪಾಯಿ ರಾಜಧನ, ಸರ್ಫ್‌-ಎ-ಖಾಸ್ ಎಂಬ ಅವನ ಖಾಸಗಿ ಜಮೀನುಗಳ ವರಮಾನ ಹೋದದ್ದಕ್ಕೆ ಪರಿಹಾರವಾಗಿ 25 ಲಕ್ಷ, ಅರಮನೆಗಳ ನಿರ್ವಹಣೆಗೆ ಇನ್ನೊಂದು 25 ಲಕ್ಷ, ಒಟ್ಟು ವರ್ಷಕ್ಕೆ ಒಂದು ಕೋಟಿ ನಿಗದಿಯಾಯಿತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಜಹಗೀರುದಾರರು ಕಳೆದುಕೊಂಡ ವರಮಾನಕ್ಕೆ ಪ್ರತಿಯಾಗಿ ಹಣ ಕೊಡಲೆಂದೇ ಪ್ರತ್ಯೇಕ ಕಾಯ್ದೆ ಬಂತು. ಪ್ರತಿ ಜಹಗೀರಿನ ಹುಟ್ಟುವಳಿ ಎಷ್ಟು, ಪಾಲುದಾರರು ಎಷ್ಟು ಮಂದಿ, ಯಾರಿಗೆ ಎಷ್ಟು ಕಂತು ಎಂದು ಸರ್ಕಾರದ ದಫ್ತರಗಳಲ್ಲಿ ಬರೆದಿಟ್ಟರು. ಇಂದಿನ ಬಸವಕಲ್ಯಾಣವೂ ಆಗ ಕಲ್ಯಾಣಿ ನವಾಬರ ಜಹಗೀರೇ ಆಗಿತ್ತು. ಒಂದೇ ಸೀಮೆ, ಒಂದೇ ಕಾಲ, ಒಂದೇ ಸರ್ಕಾರ. ಕಂದಾಯ ವಸೂಲಿಯ ಹಕ್ಕು ಕಳೆದುಕೊಂಡವರಿಗೆ ಕಾಯ್ದೆಯ ಬಲದಿಂದ ಪರಿಹಾರ ಸಿಕ್ಕಿತು. ದುಡಿಯುವ ಗಂಡಾಳನ್ನು ಕಳೆದುಕೊಂಡ ಮನೆಗಳಿಗೆ ಅಂಥ ಒಂದು ಕಾಯ್ದೆ ಬರಲಿಲ್ಲ. ಪರಿಹಾರದ ಕಲ್ಪನೆ ಇಲ್ಲದಿದ್ದದ್ದು ಇದಕ್ಕೆ ಕಾರಣವಲ್ಲ. ಯಾರ ನಷ್ಟವನ್ನು ನಷ್ಟವೆಂದು ಎಣಿಸಬೇಕು ಎಂಬ ತೀರ್ಮಾನದಲ್ಲೇ ತಪ್ಪಿತ್ತು.

ಎಪ್ಪತ್ತು ವರ್ಷ ದಾಟಿದ ವಿಷಯ, ಇನ್ನೇಕೆ ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಈ ಮಾತಿಗೆ ಭಾರತ ಸರ್ಕಾರವೇ ಲಂಡನ್ನಿನಲ್ಲಿ ಉತ್ತರ ಕೊಟ್ಟಿದೆ. 1948ರ ಸೆಪ್ಟೆಂಬರ್‌ನಲ್ಲಿ, ಅಂದರೆ ಗೋರಟಾದ ಹತ್ಯಾಕಾಂಡವಾಗಿ ನಾಲ್ಕು ತಿಂಗಳಿಗೆ, ನಿಜಾಮನ ಸರ್ಕಾರದ ಹತ್ತು ಲಕ್ಷ ಪೌಂಡುಗಳಿಗೂ ಹೆಚ್ಚು ಹಣ ಲಂಡನ್ನಿನ ಬ್ಯಾಂಕೊಂದರಲ್ಲಿ ಪಾಕಿಸ್ತಾನದ ಹೈಕಮಿಷನರ್ ರಹೀಮ್‌ತೂಲಾ ಅವರ ಹೆಸರಿಗೆ ವರ್ಗವಾಗಿತ್ತು. ಆ ಹಣ ಯಾರದೆಂಬ ವ್ಯಾಜ್ಯ ನಿಂತು, ಮತ್ತೆ ಎದ್ದು, ಕೊನೆಗೆ 2019ರ ಅಕ್ಟೋಬರ್ 2ರಂದು ಇಂಗ್ಲೆಂಡಿನ ಹೈಕೋರ್ಟಿನ ತೀರ್ಪಿನಲ್ಲಿ ಮುಗಿಯಿತು. ಬಡ್ಡಿ ಬೆಳೆದು 3.5 ಕೋಟಿ ಪೌಂಡಿನಷ್ಟಾಗಿದ್ದ ಆ ಮೊತ್ತ ಪಾಕಿಸ್ತಾನಕ್ಕಲ್ಲ, ಭಾರತಕ್ಕೂ ನಿಜಾಮನ ಇಬ್ಬರು ವಂಶಸ್ಥರಿಗೂ ಸೇರಿದ್ದೆಂದು ನ್ಯಾಯಾಲಯ ಹೇಳಿತು. 1948ರ ಹಣದ ಬಾಕಿ 71 ವರ್ಷಗಳ ನಂತರವೂ ಹಳತಾಗಿರಲಿಲ್ಲ, ಅದಕ್ಕೆ ವಕೀಲರನ್ನಿಟ್ಟು ವಾದಿಸಲು ದೇಶ ಹಿಂಜರಿಯಲಿಲ್ಲ, ಹಿಂಜರಿಯಬೇಕಾಗಿಯೂ ಇರಲಿಲ್ಲ. ಅದೇ ವರ್ಷದ, ಅದೇ ಸಂಸ್ಥಾನದ ಜೀವಗಳ ಬಾಕಿ ಮಾತ್ರ ಹಳತಾಗುವುದು ಯಾವ ನ್ಯಾಯದಲ್ಲಿ? ನಿಜಾಮನ ರೊಕ್ಕಕ್ಕೆ ತಾನು ವಾರಸುದಾರನೆಂದು ಸಾರಿದ ಪ್ರಭುತ್ವ ನಿಜಾಮನ ಆಡಳಿತ ಮಾಡಿದ ಅನ್ಯಾಯದ ಹೊಣೆಗೆ ವಾರಸುದಾರನಲ್ಲ ಎನ್ನಲಾಗದು. ನಮ್ಮ ಸಂವಿಧಾನದ 295ನೇ ವಿಧಿಯೂ ಹಳೆಯ ಸಂಸ್ಥಾನಗಳ ಆಸ್ತಿ, ಹಕ್ಕುಗಳ ಜೊತೆಗೇ ಅವುಗಳ ಹೊಣೆಗಳನ್ನೂ ಹೊಸ ಸರ್ಕಾರಗಳಿಗೆ ದಾಟಿಸುತ್ತದೆ. ಗೋರಟಾದ ಹೊಣೆ ಕೋರ್ಟಿನಲ್ಲಿ ಸಾಬೀತಾದ ಸಾಲವಲ್ಲ ಎಂದು ಕಾನೂನು ಬಲ್ಲವರು ಹೇಳಬಹುದು, ಅದು ಸರಿಯೂ ಹೌದು. ಆದರೆ ವಿಧಿಯ ಹಿಂದಿರುವ ನ್ಯಾಯದ ದಿಕ್ಕು ಸ್ಪಷ್ಟವಾಗಿದೆ. ಮೇಲಾಗಿ ಸರ್ಕಾರ ತಾನಾಗಿ ಒಪ್ಪಿಕೊಳ್ಳುವ ಹೊಣೆಗೆ ಕೋರ್ಟಿನ ಅಪ್ಪಣೆ ಬೇಕಿಲ್ಲ.

ಹಿಂದಿನ ಕಾಲಕ್ಕೆ ಅನ್ವಯವಾಗುವಂತೆ ಪರಿಹಾರ ಕೊಡುವುದು ಜಗತ್ತಿನಲ್ಲಿ ಅಪರೂಪವೂ ಅಲ್ಲ. ಸ್ಪೇನ್ 2011ರಲ್ಲಿ ಮಾಡಿದ ಭಯೋತ್ಪಾದನಾ ಸಂತ್ರಸ್ತರ ಕಾನೂನು 1960ರ ಜನವರಿ 1ರಿಂದ ಈಚಿನ ಎಲ್ಲ ಸಾವುಗಳಿಗೂ ಅನ್ವಯಿಸುತ್ತದೆ. ಸರ್ವಾಧಿಕಾರಿ ಫ್ರಾಂಕೋನ ಕಾಲದಲ್ಲಿ ಸತ್ತವರನ್ನೂ ಪ್ರಜಾಪ್ರಭುತ್ವದ ಸ್ಪೇನ್ ತನ್ನ ಹೊಣೆ ಎಂದುಕೊಂಡಿತು. ನಮ್ಮಲ್ಲೇ 1984ರ ಸಿಖ್ ಹತ್ಯೆಗಳ ವಿಚಾರ ತೆಗೆದುಕೊಳ್ಳಿ. 1996ರಲ್ಲಿ ದೆಹಲಿ ಹೈಕೋರ್ಟ್ ಭಜನ್ ಕೌರ್ ಪ್ರಕರಣದಲ್ಲಿ ಪ್ರಜೆಯ ಜೀವ ಕಾಯುವುದು 21ನೇ ವಿಧಿಯ ಪ್ರಕಾರ ಸರ್ಕಾರದ ಕರ್ತವ್ಯವೆಂದು ಹಿಡಿದು, ಸಾವಿಗೆ 3.5 ಲಕ್ಷ ರೂಪಾಯಿ ಕೊಡಿಸಿತು. ಮೂವತ್ತು ವರ್ಷಗಳ ಬಳಿಕ, 2014ರಲ್ಲಿ, ಕೇಂದ್ರ ಸರ್ಕಾರ 3,325 ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕೊಡಲು ತೀರ್ಮಾನಿಸಿತು. ಮೂವತ್ತು ವರ್ಷಕ್ಕೆ ತೆರೆದ ಬಾಗಿಲು ಎಪ್ಪತ್ತಕ್ಕೆ ಮುಚ್ಚಬೇಕೆಂದು ಎಲ್ಲಿಯೂ ಬರೆದಿಲ್ಲ. ತಡವಾಯಿತೆಂಬುದು ಬಾಕಿ ಉಳಿಸಿಕೊಂಡವನ ಪರವಾಗಿ ನಿಲ್ಲುವ ವಾದವೇ ಅಲ್ಲ, ಅವನ ಮೇಲಿನ ಇನ್ನೊಂದು ಆರೋಪ.

ದಾಖಲೆ ಎಲ್ಲಿದೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ಗೌರವದಿಂದ ಎದುರಿಸಬೇಕು. ಮರಣೋತ್ತರ ಪರೀಕ್ಷೆ ಇಲ್ಲ, ಎಫ್‌ಐಆರ್ ಇಲ್ಲ, ಜನನ–ಮರಣ ನೋಂದಣಿ ಇಲ್ಲ. ನಿಜಾಮನ ಪೊಲೀಸರು ಬರೆದದ್ದಿದ್ದರೂ ಅದನ್ನು ನಂಬುವುದು ಹೇಗೆ? ಆದರೆ ಈ ತೊಡಕನ್ನು ನಮ್ಮ ಸರ್ಕಾರಗಳು ಹಿಂದೆಯೇ ದಾಟಿವೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆಯಲ್ಲಿ ಜೈಲಿನ ಕಾಗದ ಸಿಗದವರಿಗೆ ಜೊತೆಯಲ್ಲಿ ಸೆರೆಮನೆವಾಸ ಮಾಡಿದವರು ಕೊಟ್ಟ ಪ್ರಮಾಣಪತ್ರವನ್ನೇ ಸಾಕ್ಷ್ಯವೆಂದು ಒಪ್ಪಲಾಯಿತು. ಹೈದರಾಬಾದ್ ಸಂಸ್ಥಾನದಲ್ಲಿ 1938–39ರಲ್ಲಿ ನಡೆದ ಆರ್ಯಸಮಾಜದ ಸತ್ಯಾಗ್ರಹವನ್ನು ಬಹಳ ತಡವಾಗಿ ಸ್ವಾತಂತ್ರ್ಯ ಚಳವಳಿಯ ಭಾಗವೆಂದು ಪರಿಗಣಿಸಿದಾಗ, ಅರ್ಜಿ ತಡವಾಯಿತೆಂದು ಅಧಿಕಾರಿಗಳು ತಿರಸ್ಕರಿಸಿದ್ದರು. 1993ರ ಮುಕುಂದ ಲಾಲ್ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತಿರಸ್ಕಾರವನ್ನು ಒಪ್ಪಲಿಲ್ಲ. ಅರ್ಹತೆ ಇದ್ದವನಿಗೆ ಅರ್ಜಿಯ ತಾರೀಖು ಅಡ್ಡಿಯಾಗಬಾರದೆಂದಿತು. ಇದು ಇದೇ ಸಂಸ್ಥಾನದ ವಿಷಯದಲ್ಲಿ ಬಂದ ತೀರ್ಪು. ಹಳ್ಳಿಯಲ್ಲಿ ಇಂಥ ಮನೆಯ ಇಂಥವರು ಆ ದಿನ ಸತ್ತರೆಂಬುದು ಗುಟ್ಟಿನ ಸಂಗತಿಯಲ್ಲ. ಪಹಣಿಯಲ್ಲಿ ಜಮೀನು ಯಾರಿಂದ ಯಾರಿಗೆ, ಯಾವ ವರ್ಷ ಪೌತಿಯಾಯಿತೆಂಬ ನಮೂದುಗಳಿರುತ್ತವೆ. ಮನೆತನಗಳ ವಂಶಾವಳಿಗಳಿರುತ್ತವೆ. ಮಠಗಳ, ಮಸೀದಿಗಳ ಕಾಗದಪತ್ರಗಳನ್ನು ಹುಡುಕಬಹುದು. 1948ರಲ್ಲಿ ಆರೇಳು ವರ್ಷದ ಮಕ್ಕಳಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಅವರ ಹೇಳಿಕೆ ಬರೆದುಕೊಳ್ಳಲು ಉಳಿದಿರುವ ಕಾಲ ದಿನದಿನಕ್ಕೂ ಸವೆಯುತ್ತಿದೆ. ದಾಖಲೆ ಇಲ್ಲವೆಂದು ಇನ್ನೂ ಹತ್ತು ವರ್ಷ ಕಾದರೆ ಆ ಮಾತು ನಿಜವೇ ಆಗಿಹೋಗುತ್ತದೆ.

ಪಿಂಚಣಿ ಕೊಟ್ಟಾಯಿತಲ್ಲ ಎಂದು ಇಲ್ಲಿ ಯಾರಾದರೂ ತಡೆಯಬಹುದು. ಪಿಂಚಣಿ ಹೋರಾಟಗಾರನಿಗೆ: ಜೈಲಿಗೆ ಹೋದವನಿಗೆ, ಭೂಗತನಾಗಿ ದುಡಿದವನಿಗೆ, ಗಡಿ ಶಿಬಿರಗಳಲ್ಲಿ ಬಂದೂಕು ಹಿಡಿದವನಿಗೆ, ಹೋರಾಟದಲ್ಲಿ ಮಡಿದವನ ಅವಲಂಬಿತರಿಗೆ. ರೊಟ್ಟಿ ಬಡಿಯುತ್ತ ಕುಳಿತಿದ್ದ ಹೆಂಗಸು, ಹೊಲದಿಂದ ಬಂದ ಜೀತದಾಳು, ಯಾರದೋ ಮನೆಯಲ್ಲಿ ಆಸರೆ ಪಡೆದ ಪಕ್ಕದೂರಿನವನು ಹೋರಾಟಗಾರರ ಯಾದಿಗೆ ಸೇರುವುದಿಲ್ಲ. ಭಯೋತ್ಪಾದನೆಯ ಗುಣವೇ ಅದು. ಅದು ಆರಿಸಿ ಕೊಲ್ಲುವುದಿಲ್ಲ, ಎದುರು ಸಿಕ್ಕವರನ್ನು ಕೊಂದು ಉಳಿದವರನ್ನು ಹೆದರಿಸುತ್ತದೆ. ಅವರನ್ನೆಲ್ಲ ಹುತಾತ್ಮರೆಂದು ಭಾಷಣದಲ್ಲಿ ಕರೆದು, ಕಾಗದದಲ್ಲಿ ಯಾವ ಯೋಜನೆಗೂ ಸೇರಿಸದೆ ಬಿಡುವುದು ಅವರಿಗೆ ಎರಡನೇ ಸಲ ಮಾಡುವ ಅನ್ಯಾಯ.

ಇದು ಹಳೆಯ ಕಾಲದ ವಿಚಾರ, ಈಗಿನವರಿಗೆ ಸರಿಯಾದ ವ್ಯವಸ್ಥೆ ಇದೆ ಎಂದು ನಂಬುವವರು ಇತ್ತೀಚಿನ ಕೆಲವು ವರ್ಷಗಳನ್ನು ನೋಡಬೇಕು. ಭಯೋತ್ಪಾದನೆ, ಕೋಮು ಹಿಂಸೆ, ನಕ್ಸಲ್ ಹಿಂಸೆಗೆ ಬಲಿಯಾದ ನಾಗರಿಕರ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಯೋಜನೆಯೊಂದು 2008ರ ಏಪ್ರಿಲ್ 1ರಿಂದ ಇದೆ. ಆಗ ಸಾವಿಗೆ 3 ಲಕ್ಷ ಇತ್ತು, 2016ರಲ್ಲಿ 5 ಲಕ್ಷವಾಯಿತು. ಗಾಯಗೊಂಡವರಿಗೆ ಸಿಗಬೇಕಾದರೆ ಶಾಶ್ವತ ಅಂಗವೈಕಲ್ಯ ಶೇ 50ರಷ್ಟಾದರೂ ಇರಬೇಕು. 2022ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಕುಕ್ಕರ್ ಸ್ಫೋಟಗೊಂಡು ಸುಟ್ಟುಕೊಂಡ ಆಟೊ ಚಾಲಕನಂಥವರು ತಿಂಗಳುಗಟ್ಟಲೆ ಕಳೆದುಕೊಳ್ಳುವ ದುಡಿಮೆಯನ್ನು ಆ ಅಳತೆಗೋಲು ಅಳೆಯಲಾರದು. ಇದರ ಮೇಲೆ ರಾಜ್ಯಗಳು ಕೊಡುವುದೆಲ್ಲ ಆಯಾ ಹೊತ್ತಿನ ಲಹರಿ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದ ಬೆಳ್ಳಾರೆ, ಸುರತ್ಕಲ್ ಭಾಗಗಳಲ್ಲಿ ಹತ್ತು ದಿನದೊಳಗೆ ಮೂವರು ಯುವಕರ ಕೊಲೆಯಾಯಿತು. ಅಂದಿನ ಸರ್ಕಾರ ಒಂದು ಮನೆಗೆ 25 ಲಕ್ಷ ಕೊಟ್ಟಿತು, ಉಳಿದೆರಡಕ್ಕೆ ಕೊಡಲಿಲ್ಲ. 2023ರ ಜೂನ್‌ನಲ್ಲಿ ಹೊಸ ಸರ್ಕಾರ ಆ ಎರಡು ಮನೆಗಳಿಗೂ, ಅದೇ ಜಿಲ್ಲೆಯ ಇನ್ನೆರಡು ಕೊಲೆಗಳ ಕುಟುಂಬಗಳಿಗೂ ತಲಾ 25 ಲಕ್ಷ ಕೊಟ್ಟಿತು. ಎರಡನೆಯ ಸರ್ಕಾರ ಮೊದಲನೆಯದರ ತಪ್ಪನ್ನು ತಿದ್ದಿತು, ನಿಜ. ಆದರೆ ಕೊಟ್ಟದ್ದು ಮುಖ್ಯಮಂತ್ರಿ ಪರಿಹಾರ ನಿಧಿಯಿಂದ, ಅಂದರೆ ಮತ್ತೆ ಕೃಪೆಯ ರೂಪದಲ್ಲೇ. ನಾಳೆ ಇನ್ನೊಂದು ಸರ್ಕಾರ ಇನ್ನೊಂದು ಮನೆಯನ್ನು ಬಿಟ್ಟರೆ ಆ ಮನೆಯವರು ಅಷ್ಟೇ ಹಣ ಕೇಳಲು ತೋರಿಸಬಹುದಾದ ಕಾನೂನಿನ ಕಲಮೊಂದು ಇವತ್ತಿಗೂ ಇಲ್ಲ.

2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ 26 ಜನ ಸತ್ತರು. ಮೃತ ಕನ್ನಡಿಗರ ಕುಟುಂಬಗಳಿಗೆ ಕರ್ನಾಟಕ ಸರ್ಕಾರ ತಲಾ 10 ಲಕ್ಷ ಘೋಷಿಸಿತು, ಮಹಾರಾಷ್ಟ್ರ ತನ್ನವರಿಗೆ ತಲಾ 50 ಲಕ್ಷ. ಬಸವಕಲ್ಯಾಣದಿಂದ ಮಹಾರಾಷ್ಟ್ರದ ಉಮರ್ಗಾ ಎಷ್ಟು ದೂರ? ನೆಂಟಸ್ತನ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಜನ ಆಚೀಚೆ ಓಡಾಡುವ ಗಡಿ ಅದು. ಒಂದೇ ಹುಲ್ಲುಗಾವಲಿನಲ್ಲಿ ಒಂದೇ ಗಳಿಗೆಯಲ್ಲಿ ಸತ್ತವರ ಬೆಲೆ ಗಡಿಯ ಈ ಕಡೆ ಆ ಕಡೆಗೆ ಐದು ಪಟ್ಟು ವ್ಯತ್ಯಾಸವಾಗುತ್ತದೆ. ಅದೇ ವರ್ಷ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತಾಗ ನಮ್ಮ ಸರ್ಕಾರ ಮೊದಲು 10 ಲಕ್ಷವೆಂದಿತು, ಜನರ ಸಿಟ್ಟು ಏರುತ್ತಿದ್ದಂತೆ ಕೆಲವೇ ದಿನಗಳಲ್ಲಿ 25 ಲಕ್ಷಕ್ಕೆ ಏರಿಸಿತು. ಆ ಕುಟುಂಬಗಳಿಗೆ ಅದು ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಮೂರು ದಿನಗಳಲ್ಲಿ ಸತ್ತವರ ಮನೆಯ ನಷ್ಟ ಬೆಳೆದಿರಲಿಲ್ಲ, ಬೆಳೆದದ್ದು ಗದ್ದಲ. ಗದ್ದಲ ಮಾಡಲು ಬಾರದವರು, ಟಿ.ವಿ. ಕ್ಯಾಮೆರಾ ತಲುಪದ ಊರಿನವರು, ಗೋರಟಾದಂತೆ ಪತ್ರಿಕೆಯೂ ಕಾಲಿಡದ ಕಾಲದಲ್ಲಿ ಸತ್ತವರು ಈ ವ್ಯವಸ್ಥೆಯಲ್ಲಿ ಯಾವಾಗಲೂ ಕಡೆಯ ಸಾಲಿನಲ್ಲಿರುತ್ತಾರೆ.

ನ್ಯಾಯವಾದ ದರ ಯಾವುದೆಂದು ಕಂಡುಕೊಳ್ಳಲು ಹೊಸ ಶಾಸ್ತ್ರ ಬೇಕಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಒಬ್ಬ ಲಾರಿ ಬಡಿದು ಸತ್ತನೆಂದುಕೊಳ್ಳಿ. ವಯಸ್ಸು 35, ಸ್ವಂತ ದುಡಿಮೆಯಿಂದ ತಿಂಗಳಿಗೆ 15,000 ರೂಪಾಯಿ ಸಂಪಾದನೆ, ಮನೆಯಲ್ಲಿ ನಾಲ್ವರು ಅವಲಂಬಿತರು. ಮೋಟಾರು ಅಪಘಾತ ನ್ಯಾಯಮಂಡಳಿ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ಮತ್ತು ಪ್ರಣಯ್ ಸೇಠಿ ತೀರ್ಪುಗಳ ಪ್ರಕಾರ ಹೀಗೆ ಲೆಕ್ಕ ಹಾಕುತ್ತದೆ: ವರ್ಷದ ವರಮಾನ 1.80 ಲಕ್ಷ, ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಗೆ ಶೇ 40 ಸೇರಿಸಿದರೆ 2.52 ಲಕ್ಷ, ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 1.89 ಲಕ್ಷ, ಆ ವಯಸ್ಸಿಗೆ ನಿಗದಿಯಾದ ಗುಣಕ 16ರಿಂದ ಗುಣಿಸಿದರೆ 30.24 ಲಕ್ಷ. ಅದೇ ಮನುಷ್ಯ ಅದೇ ರಸ್ತೆಯ ಬಸ್ ನಿಲ್ದಾಣದಲ್ಲಿ ಬಾಂಬಿಗೆ ಸಿಕ್ಕಿ ಸತ್ತರೆ ಕೇಂದ್ರದ ಯೋಜನೆಯಲ್ಲಿ 5 ಲಕ್ಷ, ಆರನೇ ಒಂದು ಭಾಗಕ್ಕೂ ಕಡಿಮೆ. ಲಾರಿಗೆ ವಿಮೆ ಇರುತ್ತದೆ, ಬಾಂಬಿಗೆ ಇರುವುದಿಲ್ಲ ಎಂಬುದು ಇದಕ್ಕೆ ಕೊಡುವ ಸಮಜಾಯಿಷಿ. ಫ್ರಾನ್ಸ್ 1986ರಲ್ಲೇ ಅದಕ್ಕೆ ದಾರಿ ಕಂಡುಕೊಂಡಿತು. ಆಸ್ತಿ ವಿಮೆಯ ಪ್ರತಿ ಪಾಲಿಸಿಯಿಂದ ಸಣ್ಣ ವಂತಿಗೆ ಎತ್ತಿ ಒಂದು ಖಾತರಿ ನಿಧಿ ಮಾಡಿತು. ಭಯೋತ್ಪಾದನೆಯ ಸಂತ್ರಸ್ತರಿಗೆ ಹೋಗುವುದು ಆ ನಿಧಿಯ ಹಣ, ಸಚಿವರ ಮರ್ಜಿಯ ಹಣವಲ್ಲ.

ಕೊಂದವನು ಸರ್ಕಾರವಲ್ಲ, ತೆರಿಗೆ ಕಟ್ಟುವವನು ಏಕೆ ತೆರಬೇಕು ಎಂಬ ಆಕ್ಷೇಪಕ್ಕೆ ಇದರಲ್ಲೇ ಉತ್ತರವಿದೆ. ಭಯೋತ್ಪಾದಕ ಗುರಿಯಿಡುವುದು ದೇಶಕ್ಕೆ ಅಥವಾ ಒಂದು ಸಮುದಾಯಕ್ಕೆ. ಏಟು ಬೀಳುವುದು ಆ ಗಳಿಗೆಯಲ್ಲಿ ಅಲ್ಲಿದ್ದ ಯಾವುದೋ ಒಂದು ಮನೆಗೆ. ಎಲ್ಲರ ಮೇಲಿನ ಏಟನ್ನು ಒಬ್ಬರು ತಿಂದಾಗ ಅದರ ಭಾರವನ್ನು ಎಲ್ಲರೂ ಹಂಚಿಕೊಳ್ಳಬೇಕೆನ್ನುವುದು ಔದಾರ್ಯವಲ್ಲ, ಕನಿಷ್ಠ ಲೆಕ್ಕ. ಹಣವಿಲ್ಲ ಎಂಬ ಮಾತಂತೂ ನಿಲ್ಲುವುದಿಲ್ಲ. ಗೋರಟಾದ ಇನ್ನೂರು ಸಾವುಗಳಿಗೆ ತಲಾ 25 ಲಕ್ಷದಂತೆ 50 ಕೋಟಿ ಆಗುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್ಟಿನಲ್ಲಿ ಇಟ್ಟ 5,000 ಕೋಟಿಯ ನೂರನೇ ಒಂದು ಪಾಲು ಅದು. ಬಸವಕಲ್ಯಾಣದಲ್ಲೇ ಹೊಸ ಅನುಭವ ಮಂಟಪಕ್ಕೆ 500 ಕೋಟಿಯ ಯೋಜನೆ ಹಾಕಿ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಲಾಯಿತು, ಅದಾಗಬೇಕಾದ ಕೆಲಸವೇ. ಅದಕ್ಕೆ ದೊರೆತ ಹಣದ ಹತ್ತನೇ ಒಂದು ಭಾಗ ಈ ಮನೆಗಳಿಗೆ ದೊರೆಯುವುದು ಕಷ್ಟವೇನಲ್ಲ.

ಗಾಯ ಕೆದಕಿದಂತಾಗುತ್ತದೆ, ಹಿಂದೂ–ಮುಸ್ಲಿಮರ ನಡುವೆ ಮತ್ತೆ ಕಿಡಿ ಹೊತ್ತುತ್ತದೆ ಎಂಬ ಭಯ ಒಳ್ಳೆಯ ಮನಸ್ಸಿನವರಲ್ಲೂ ಇದೆ. ನನಗೆ ಇದು ತಲೆಕೆಳಗಾದ ವಾದವಾಗಿ ಕಾಣುತ್ತದೆ. ಹೆಸರುಗಳ ಪಟ್ಟಿ ಇಲ್ಲದಿರುವುದರಿಂದಲೇ ಗೋರಟಾ ಪ್ರತಿ ಚುನಾವಣೆಯಲ್ಲೂ ಬೇಕಾದವರಿಗೆ ಬೇಕಾದಂತೆ ಒದಗುತ್ತದೆ, ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ. ಇಂಥ ಊರಿನ ಇಂಥವರು, ಇಷ್ಟು ವಯಸ್ಸು, ಇವರ ಮನೆಯಲ್ಲಿ ಉಳಿದವರು ಇವರು ಎಂದು ಜಿಲ್ಲಾಡಳಿತ ಬರೆದಿಟ್ಟರೆ ಉತ್ಪ್ರೇಕ್ಷೆಗೂ ನಿರಾಕರಣೆಗೂ ಅವಕಾಶ ಕಡಿಮೆಯಾಗುತ್ತದೆ. ಆ ಪಟ್ಟಿ 1948ರ ಸೆಪ್ಟೆಂಬರ್ 17ಕ್ಕೆ ನಿಲ್ಲಬಾರದು. ಆನಂತರದ ವಾರಗಳಲ್ಲಿ ಇದೇ ತಾಲ್ಲೂಕುಗಳಲ್ಲಿ ಸತ್ತ ಮುಸ್ಲಿಮರ ಹೆಸರುಗಳೂ ಅದೇ ಪುಸ್ತಕದಲ್ಲಿ, ಅದೇ ನಮೂನೆಯಲ್ಲಿ, ಅದೇ ದರಕ್ಕೆ ಬರಬೇಕು. ಗೋರಟಾದ ಅನ್ಯಾಯವನ್ನು ಇದು ಹಗುರ ಮಾಡುತ್ತದೆ ಎಂದು ಕೆಲವರು ಸಿಟ್ಟಾಗಬಹುದು. ಕೊಂದವರ ಧರ್ಮ ನೋಡಿ ಸತ್ತವರನ್ನು ಎಣಿಸಿದ್ದು ರಜಾಕಾರರು. ಆ ಎಣಿಕೆಯನ್ನು ನಾವು ಮುಂದುವರಿಸುವುದು ಗೋರಟಾದಲ್ಲಿ ಸತ್ತವರಿಗೆ ಸಲ್ಲುವ ಗೌರವವಲ್ಲ.

ಕೆಲಸ ಶುರುವಾಗಬೇಕಾದ್ದು ಬೆಂಗಳೂರಿನಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ. ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರ ನೇತೃತ್ವದಲ್ಲಿ ಒಂದು ಪ್ರಾಧಿಕಾರ ಮಾಡಿ, ಬಸವಕಲ್ಯಾಣ, ಹುಲಸೂರು, ಹುಮನಾಬಾದ್, ಭಾಲ್ಕಿ ತಹಶೀಲ್ದಾರ್ ಕಚೇರಿಗಳಲ್ಲಿ ಅರ್ಜಿ ಪಡೆಯಬಹುದು. ಎಂಬತ್ತು ದಾಟಿದವರು ಕಚೇರಿಗೆ ಬರಲಾರರು, ಆದ್ದರಿಂದ ಅವರ ಹೇಳಿಕೆಯನ್ನು ಗ್ರಾಮ ಆಡಳಿತಾಧಿಕಾರಿ ಮನೆಗೇ ಹೋಗಿ, ಕನ್ನಡ, ಮರಾಠಿ, ಉರ್ದು ಯಾವ ಭಾಷೆಯಲ್ಲಿ ಹೇಳುತ್ತಾರೋ ಆ ಭಾಷೆಯಲ್ಲೇ ಬರೆದುಕೊಳ್ಳಬೇಕು. ಕರಡು ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿ ಆಕ್ಷೇಪಣೆಗೆ ಮೂರು ತಿಂಗಳು ಕೊಡಬೇಕು. ಪ್ರತಿ ಸಾವಿಗೆ ಒಂದು ಪಾಲು, ಬದುಕಿರುವ ಮಕ್ಕಳಿಗೆ ಮೊದಲು, ಅವರಿಲ್ಲದಿದ್ದರೆ ಮೊಮ್ಮಕ್ಕಳಿಗೆ ಸಮನಾಗಿ, ಹೆಣ್ಣುಮಕ್ಕಳ ಸಂತತಿಯನ್ನು ಬಿಡದೆ. ವಾರಸುದಾರರೇ ಉಳಿಯದ ಮನೆಗಳ ಪಾಲು ಆ ಊರಿನ ಸರ್ಕಾರಿ ಶಾಲೆಗೆ, ಸತ್ತವರ ಹೆಸರಿನಲ್ಲಿ. ಇದರ ಜೊತೆಗೆ ವಿಧಾನಸಭೆ ಒಂದು ಕಾನೂನು ಮಾಡಿ, ಮುಂದಿನ ಯಾವುದೇ ಭಯೋತ್ಪಾದಕ ಅಥವಾ ಕೋಮು ಹತ್ಯೆಗೆ ಅಪಘಾತ ನ್ಯಾಯಮಂಡಳಿಯ ಲೆಕ್ಕವನ್ನೇ ಅನ್ವಯಿಸಿ, ಅರವತ್ತು ದಿನದೊಳಗೆ ಕುಟುಂಬದ ಖಾತೆಗೆ ನೇರವಾಗಿ ಹಣ ಜಮಾ ಆಗುವಂತೆ ಮಾಡಬೇಕು. ಚೆಕ್ ಹಸ್ತಾಂತರದ ಸಮಾರಂಭ ಇರಬಾರದು.